ಎಂ.ಟೆಕ್ ಪ್ರಾಜೆಕ್ಟಿಗೆ ನಮ್ಮ ಎರೆ ಮಣ್ಣು ಯಾಕೆ ಬೇಡ?

ಮಾನ್ಯ ಸಂಪಾದಕರೇ,

ಇಂಜಿನಿಯರಿಂಗ್ ಫಲಿತಾಂಶ ಬಂದ ಮೇಲೆ ಸಿವಿಲ್ ಓದಿದ ಹುಡುಗರ ಮನೆಯಲ್ಲಿ ಒಂದೇ ಮಾತು: ಮುಂದೇನು? ನಮ್ಮ ಬಾಗಲಕೋಟೆ ಕಡೆ ಇದಕ್ಕೆ ಉತ್ತರಗಳೂ ಜಾಸ್ತಿ ಇಲ್ಲ. ಒಂದೋ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೆಪಿಎಸ್‌ಸಿಗೆ ಓದುವುದು, ಇಲ್ಲ ಬೆಂಗಳೂರಿಗೆ ಹೋಗಿ ಸೈಟ್ ಇಂಜಿನಿಯರ್ ಆಗುವುದು. ಎರಡೂ ಬೇಡ ಅಂದರೆ ಎಂ.ಟೆಕ್. ಈ ಮೂರನೆಯದರ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಸೀಟು ಖಾಲಿ, ಓದಿ ಏನು ಪ್ರಯೋಜನ ಅನ್ನುವ ಮಾತೇ. ನಾನು ಕೆಲವು ವರ್ಷ ಸೈಟಿನಲ್ಲಿ ದುಡಿದು ಆಮೇಲೆ ಎಂ.ಟೆಕ್ ಮಾಡಿದವನು. ಈಗ ಇಲ್ಲೇ ಮನೆ, ಗೋದಾಮುಗಳ ಪಾಯದ ಕೆಲಸ ನೋಡಿಕೊಂಡಿದ್ದೇನೆ. ಪ್ರಯೋಜನ ಇದೆ, ಆದರೆ ಪ್ರಾಜೆಕ್ಟ್ ಯಾವುದರ ಮೇಲೆ ಮಾಡುತ್ತಾರೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ ಅನ್ನುವುದು ನನ್ನ ತಕರಾರು.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡುತ್ತೇನೆ. ಎಂ.ಟೆಕ್ 2 ವರ್ಷ, 4 ಸೆಮಿಸ್ಟರ್. ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಗೇಟ್ ಇಲ್ಲದವರು ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಸೇರಬಹುದು, ಆದರೆ ಆ ದುಡ್ಡು ಸಿಗುವುದಿಲ್ಲ. ಫೀಸು, ಹಾಸ್ಟೆಲ್ಲು ಎಲ್ಲಾ ಮನೆಯವರ ಮೇಲೆ. ಗೇಟ್ ಅಂಕ 3 ವರ್ಷ ನಡೆಯುತ್ತದೆ, ಆದ್ದರಿಂದ ಬಿ.ಇ. ಕೊನೆಯ ವರ್ಷದಲ್ಲೇ ಒಂದು ಸಲ ಬರೆದು ಇಟ್ಟುಕೊಂಡರೆ ಒಳ್ಳೆಯದು. ಇನ್ನು ಸರ್ಕಾರಿ ನೌಕರಿ. ಲೋಕೋಪಯೋಗಿ ಇಲಾಖೆಯ ಸಹಾಯಕ ಇಂಜಿನಿಯರ್ ಆಗಲು ಬಿ.ಇ. ಸಾಕು. ಎಂ.ಟೆಕ್ ಬೇಕೇ ಬೇಕು ಅನ್ನುವುದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರಿಗೆ. ಡಿಸೈನ್ ಮಾಡುವ ಕನ್ಸಲ್ಟೆನ್ಸಿಗಳೂ ಸ್ಟ್ರಕ್ಚರ್ಸ್ (ಕಟ್ಟಡ, ಸೇತುವೆಗಳ ವಿನ್ಯಾಸ) ಎಂ.ಟೆಕ್ ಇದ್ದವರನ್ನು ಬೇಗ ತೆಗೆದುಕೊಳ್ಳುತ್ತವೆ. ಹಾಗಾಗಿ ಎಲ್ಲರೂ ಸ್ಟ್ರಕ್ಚರ್ಸ್ ಕಡೆಗೇ ಓಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಸುಮ್ನೆ ಮನೆಯಲ್ಲಿ ಕೂರುವುದಕ್ಕಿಂತ ಎಂ.ಟೆಕ್ ಆದರೂ ಆಗಲಿ ಅಂತ ಸೇರುವವರಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ಅಂಥವರು ಒಂದೆರಡು ವರ್ಷ ಸೈಟಿನಲ್ಲಿ ಬಿಸಿಲು ಕುಡಿದು ಬರಲಿ. ಆಮೇಲೆ ಓದಿದರೆ ಅದೇ ಪುಸ್ತಕ ಬೇರೆಯೇ ಕಾಣುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಎರಡನೇ ವರ್ಷ ಹೆಚ್ಚುಕಮ್ಮಿ ಪೂರ್ತಿ ಪ್ರಾಜೆಕ್ಟಿಗೆ ಹೋಗುತ್ತದೆ. ನಮ್ಮ ಕಡೆಯ ಯಾವ ಕಾಲೇಜಿನ ಲೈಬ್ರರಿಗೆ ಹೋದರೂ ಥೀಸಿಸ್‌ಗಳ ಸಾಲಿನಲ್ಲಿ ಒಂದೇ ಥರದ ಶೀರ್ಷಿಕೆಗಳು ಸಿಗುತ್ತವೆ. ನೆಲಮಹಡಿ ಮೇಲೆ 20 ಅಂತಸ್ತಿನ ಕಟ್ಟಡ, ಈಟ್ಯಾಬ್ಸ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಮಾಡೆಲ್, ಶಿಯರ್ ವಾಲ್ (ಅಡ್ಡ ಬಲ ತಡೆಯುವ ಕಾಂಕ್ರೀಟ್ ಗೋಡೆ) ಇದ್ದಾಗ ಎಷ್ಟು ವಾಲುತ್ತದೆ, ಇಲ್ಲದಾಗ ಎಷ್ಟು ವಾಲುತ್ತದೆ, ಭೂಕಂಪ ವಲಯ ಐದು. ವಲಯ ಐದು ಅಂದರೆ ಗುವಾಹಟಿ ಕಡೆ. ಬಾಗಲಕೋಟೆಯಲ್ಲಿ ಕೂತು ಗುವಾಹಟಿಯ ಭೂಕಂಪಕ್ಕೆ 20 ಅಂತಸ್ತು ಕಟ್ಟುತ್ತಾರೆ, ಕಂಪ್ಯೂಟರಿನ ಒಳಗೇ. ಹಿಂದಿನ ವರ್ಷದವರು ಎಲ್ ಆಕಾರದ ಕಟ್ಟಡ ಮಾಡಿದ್ದರೆ ಈ ವರ್ಷ ಟಿ ಆಕಾರದ್ದು. ಸಾಫ್ಟ್‌ವೇರ್ ಕಲಿಯಬಾರದು ಅಂತ ನಾನು ಹೇಳುತ್ತಿಲ್ಲ, ಅದು ಹೊಟ್ಟೆಪಾಡಿನ ವಿದ್ಯೆ. ಆದರೆ ಅದನ್ನು ಕಲಿಯಲು ತಿಂಗಳೆರಡು ತಿಂಗಳು ಸಾಕಲ್ವಾ? ಇಡೀ ವರ್ಷ ಯಾಕೆ?

ಅದೇ ಕಾಲೇಜಿನ ಕಂಪೌಂಡ್ ದಾಟಿ ಒಂದಿಷ್ಟು ದೂರ ನಡೆದರೆ ಎರೆ ಹೊಲ. ಏಪ್ರಿಲ್‌ನಲ್ಲಿ ನೋಡಿ, ಬಿರುಕಿನೊಳಗೆ ಅಂಗೈ ಪೂರ್ತಿ ಇಳಿಯುತ್ತದೆ. ಅದೇ ಹೊಲ ಮಳೆ ಬಿದ್ದ ಮೇಲೆ ಚಪ್ಪಲಿ ಬಿಡುವುದಿಲ್ಲ. ಈ ಮಣ್ಣಿನ ಮೇಲೆ ಬಾಗಲಕೋಟೆ, ವಿಜಯಪುರ ಜಿಲ್ಲೆಯ ಎಷ್ಟೋ ಊರುಗಳ ಮನೆಗಳು ನಿಂತಿವೆ. ಮನೆ ಕಟ್ಟಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಮೇಲಕ್ಕೆ ಏರುತ್ತದೆ. ಶ್ರಾವಣದಲ್ಲಿ ಬಾಗಿಲು ಹಾಕಲು ಭುಜ ಕೊಡಬೇಕು, ಯುಗಾದಿ ಹೊತ್ತಿಗೆ ಅದೇ ಬಾಗಿಲ ಚಿಲಕ ತೂತಿಗೆ ಸರಿ ಕೂರುವುದಿಲ್ಲ. ಗೌಂಡಿ ಬಂದು ಸಿಮೆಂಟ್ ತುಂಬಿ ಬಣ್ಣ ಹೊಡೆದು ಹೋಗುತ್ತಾನೆ. ಮುಂದಿನ ಬೇಸಿಗೆಗೆ ಬಿರುಕು ಅದೇ ಜಾಗದಲ್ಲಿ ಹಾಜರ್.

ಕಾರಣ ಗುಟ್ಟಿನದೇನಲ್ಲ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಇದೆ. ಅದು ತನ್ನ ಪದರಗಳ ನಡುವೆ ನೀರು ಎಳೆದುಕೊಂಡು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ನಡುಭಾಗದ ಕೆಳಗೆ ಬಿಸಿಲು ತಾಗುವುದಿಲ್ಲ, ತೇವ ಹಾಗೇ ಇರುತ್ತದೆ. ಅಂಚಿನ ಗೋಡೆಗಳ ಕೆಳಗಿನ ಮಣ್ಣು ಮಾತ್ರ ಒಂದು ಕಾಲಕ್ಕೆ ಏರುತ್ತದೆ, ಇನ್ನೊಂದು ಕಾಲಕ್ಕೆ ಇಳಿಯುತ್ತದೆ. ಅದರ ಜೊತೆ ಬಚ್ಚಲ ನೀರನ್ನು ಗೋಡೆಯ ಬುಡಕ್ಕೇ ಬಿಟ್ಟಿರುತ್ತಾರೆ, ಅಲ್ಲೇ ಒಂದು ಬೇವಿನ ಗಿಡವೂ ಇರುತ್ತದೆ, ಒಂದು ಕಡೆ ನೀರು ಕುಡಿಸುವುದು, ಇನ್ನೊಂದು ಕಡೆ ಬೇರು ನೀರು ಹೀರುವುದು, ಮನೆ ಪಾಪ ನಡುವೆ ಸಿಕ್ಕಿಕೊಂಡು ಸೀಳುತ್ತದೆ.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಜಾರ್‌ಗಳಿಗೆ ಹಾಕಿ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್. ಗಾಳಿಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಿ. ಸೀಮೆಎಣ್ಣೆಯ ಜಾರಿನಲ್ಲಿ ಮಣ್ಣು ತಳದಲ್ಲಿ ಸುಮ್ಮನೆ ಕೂತಿರುತ್ತದೆ. ನೀರಿನ ಜಾರಿನಲ್ಲಿ ಅದೇ 10 ಗ್ರಾಂ ಮಣ್ಣು ಎದ್ದು ನಿಂತಿರುತ್ತದೆ, ಒಳ್ಳೆಯ ಎರೆ ಆದರೆ ಸುಮಾರು ಎರಡು ಪಟ್ಟು. ಎರಡರ ವ್ಯತ್ಯಾಸ ಸೀಮೆಎಣ್ಣೆಯ ಜಾರಿನ ಮಣ್ಣಿನ ಶೇಕಡಾ ಎಷ್ಟು ಅನ್ನುವುದೇ ಫ್ರೀ ಸ್ವೆಲ್ ಇಂಡೆಕ್ಸ್. ಅದು ಶೇ 50 ದಾಟಿದರೆ ಆ ಮಣ್ಣನ್ನು ಹೆದ್ದಾರಿಯ ಏರಿಗೆ ತುಂಬಬಾರದು ಅಂತ ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮವೇ ಇದೆ. ಹೆದ್ದಾರಿಗೆ ನಿಯಮ ಇದೆ. ಮನೆ ಕಟ್ಟುವವರಿಗೆ ಈ ಎರಡು ಜಾರಿನ ಪರೀಕ್ಷೆಯ ಹೆಸರೂ ಗೊತ್ತಿಲ್ಲ.

ಪರಿಹಾರಗಳೂ ಇವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್ ರೀಮ್ಡ್ ಪೈಲ್ ಅನ್ನು ಬೆಳೆಸಿದ್ದೇ ಇಂಥ ಮಣ್ಣಿಗಾಗಿ. ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿದ ಕಂಬ ಅದು. ಎರೆ ಪದರ ಆಳವಾಗಿರುವ ಕಡೆ ಅದು ಕನಿಷ್ಠ 3.5 ಮೀಟರ್ ಇಳಿಯಬೇಕು, ಮೇಲಿನ ಬೀಮಿನ ಕೆಳಗೆ ಮಣ್ಣು ಉಬ್ಬಲು ಸಂದು ಬಿಡಬೇಕು. ಆ ಸಂದನ್ನು ಯಾರೂ ಬಿಡುವುದಿಲ್ಲ. ಗೌಂಡಿಗೆ ಅದು ಅರ್ಧ ಮಾಡಿ ಬಿಟ್ಟ ಕೆಲಸದಂತೆ ಕಾಣುತ್ತದೆ, ಮಣ್ಣು ಹಾಕಿ ಗಟ್ಟಿ ಮಾಡಿಬಿಡುತ್ತಾನೆ. ಅಲ್ಲಿಗೆ ಪೈಲ್ ಹಾಕಿದ ದುಡ್ಡೂ ಹೋಯಿತು.

ನಮ್ಮ ನೆಲದ ಮೇಲೆ ನಿಜವಾದ ಸಂಶೋಧನೆ ಆಗಿಯೇ ಇಲ್ಲ ಅಂದುಕೊಳ್ಳಬೇಡಿ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆ ಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಈ ಮಣ್ಣಿನ ಮೇಲೆ, ತಾನು ಉಬ್ಬದ ಆದರೆ ಅಂಟಿಕೊಳ್ಳುವ ಗುಣ ಇರುವ ಬೇರೆ ಮಣ್ಣಿನ ದಪ್ಪ ಪದರ ಹಾಸಿದರೆ ಕೆಳಗಿನದು ಉಬ್ಬುವುದನ್ನು ತಡೆಯಬಹುದು ಅಂತ ತೋರಿಸಿದರು. ಸಿಎನ್‌ಎಸ್ ಪದರ ಅಂತ ಅದಕ್ಕೆ ಹೆಸರು. ಅದು ಕೆಲಸಕ್ಕೆ ಬಂದ ಜಾಗಗಳಲ್ಲಿ ನಮ್ಮ ಮಲಪ್ರಭಾ ಕಾಲುವೆಯೂ ಒಂದು. ಇವತ್ತು ಎರೆ ನೆಲದಲ್ಲಿ ಕಾಲುವೆಗೆ ಲೈನಿಂಗ್ (ಒಳಹೊದಿಕೆ) ಮಾಡುವ ಐಎಸ್ 9451 ಮಾನದಂಡದಲ್ಲಿ ಇದೇ ಪದರ ಇದೆ, ಮಣ್ಣಿನ ಉಬ್ಬುವ ಒತ್ತಡ ಮತ್ತು ಕಾಲುವೆಯ ನೀರಿನ ಪ್ರಮಾಣ ನೋಡಿ ದಪ್ಪ ಹೇಳುತ್ತದೆ. ದೇಶಕ್ಕೆಲ್ಲ ಅನ್ವಯಿಸುವ ಮಾನದಂಡ, ಅದರ ಕೆಲಸ ನಮ್ಮ ಸವದತ್ತಿ, ನವಲಗುಂದದ ಕಡೆಯ ಮಣ್ಣಿನಲ್ಲಿ. ಇಲ್ಲಿಯ ಎಷ್ಟು ಎಂ.ಟೆಕ್ ಹುಡುಗರಿಗೆ ಇದು ಗೊತ್ತಿದೆ? ಪಾಠದಲ್ಲಿ ಒಂದು ಸಾಲು ಬಂದು ಹೋಗುತ್ತದೆ, ಅಷ್ಟೇ.

ಎರೆ ಮಣ್ಣಿನ ಮೇಲೆ ಪ್ರಾಜೆಕ್ಟ್ ಮಾಡುವವರು ಇಲ್ಲವೇ ಇಲ್ಲ ಅಂದರೆ ಅನ್ಯಾಯವಾಗುತ್ತದೆ. ಇದ್ದಾರೆ. ಆದರೆ ಅವರದ್ದೂ ಒಂದು ಸಿದ್ಧ ಅಡುಗೆ ಆಗಿಬಿಟ್ಟಿದೆ. ಮಣ್ಣಿಗೆ ಶೇ 5, 10, 15 ಬೂದಿ ಸೇರಿಸುವುದು, ನಾಲ್ಕು ದಿನ ನೀರಿನಲ್ಲಿ ನೆನೆಸಿ ಸಿಬಿಆರ್ (ರಸ್ತೆಯ ಅಡಿಮಣ್ಣು ಭಾರ ತಾಳುವ ಶಕ್ತಿಯ ಅಳತೆ) ನೋಡುವುದು, ಗ್ರಾಫ್ ಮೇಲೆ ಹೋಯಿತು ಅಂತ ಬರೆಯುವುದು, ಮುಗಿಯಿತು. ಬೂದಿಗೇನು ಬರ? ಮುಧೋಳ, ಜಮಖಂಡಿ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಸುಟ್ಟ ಬೂದಿ, ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರದಲ್ಲಿ ಹಾರುಬೂದಿ, ಇಳಕಲ್‌ನಲ್ಲಿ ಗ್ರಾನೈಟ್ ಕೊಯ್ದ ಪುಡಿ. ಸುಣ್ಣ ಸೇರಿಸಿದರೆ ಎರೆ ಮಣ್ಣಿನ ಉಬ್ಬು ಇಳಿಯುತ್ತದೆ ಅನ್ನುವುದು ತುಂಬಾ ಹಳೆಯ ಸಂಗತಿ, ಅದನ್ನು ಪ್ರತಿ ವರ್ಷ ಹೊಸದಾಗಿ ಕಂಡುಹಿಡಿಯುವುದು ಬೇಡ. ಬೇಕಾದದ್ದು ಇನ್ನೊಂದು. ಒಂದು ಹಳ್ಳಿಯ ರಸ್ತೆಯಲ್ಲಿ 100 ಮೀಟರ್ ಈ ಮಿಶ್ರಣ ಹಾಕಿ, ಪಕ್ಕದ 100 ಮೀಟರ್ ಎಂದಿನಂತೆ ಬಿಟ್ಟು, ಮಳೆಗಾಲದ ಮೊದಲು ಮತ್ತು ಆಮೇಲೆ ಎರಡನ್ನೂ ಅಳೆಯುವುದು. ಮುಂದಿನ ಬ್ಯಾಚಿನವರು ಅದನ್ನೇ ಮುಂದುವರಿಸುವುದು. ಒಬ್ಬರ ಥೀಸಿಸ್ ಇನ್ನೊಬ್ಬರಿಗೆ ಆಧಾರವಾದರೆ ಐದಾರು ವರ್ಷಕ್ಕೆ ಒಂದು ಗಟ್ಟಿ ಮಾತು ಸಿಗುತ್ತದೆ. ಈಗ ಎಲ್ಲರೂ ಒಂದರಿಂದ ಎಣಿಸಲು ಶುರುಮಾಡುತ್ತಾರೆ.

ಮಣ್ಣು ಬೇಡ ಅನ್ನುವವರಿಗೆ ನೀರಿದೆ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ಹೊಲಗಳಿವೆ. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ಸುರಂಗ ಬಾವಿ, ತಾಜ್ ಬಾವಡಿ, ಬೇಗಂ ತಲಾಬ್ ಇವೆ, ಆ ಊರಿಗೆ ನೀರು ಹೇಗೆ ಬರುತ್ತಿತ್ತು ಅನ್ನುವುದೇ ಒಂದು ಒಳ್ಳೆಯ ಜಲಸಂಪನ್ಮೂಲ ಥೀಸಿಸ್. ಈಟ್ಯಾಬ್ಸ್ ಬಿಡಲಾರೆ ಅನ್ನುವವರು ಗೋಳಗುಮ್ಮಟವನ್ನೇ ಮಾಡೆಲ್ ಮಾಡಲಿ ನೋಡೋಣ. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೂ ಕಂಬವಿಲ್ಲ, ಒಂದನ್ನೊಂದು ಹಾಯುವ ಕಮಾನುಗಳ ಮೇಲೆ 1656ರಿಂದ ನಿಂತಿದೆ. ಮಾಮೂಲಿ ಸಾಫ್ಟ್‌ವೇರ್ ಬೆವರುತ್ತದೆ.

ಇದೆಲ್ಲ ಈಗಲೇ ಯಾಕೆ ಅಂದರೆ, ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ನಮ್ಮ ಮುಂದಿದೆ. ಅದಾದರೆ ಹಳ್ಳಿಗಳು ಮತ್ತೆ ಎತ್ತಂಗಡಿ ಆಗುತ್ತವೆ, ಪುನರ್ವಸತಿ ಕೇಂದ್ರಗಳು ಬರುತ್ತವೆ, ಸಾವಿರಾರು ಹೊಸ ಪಾಯಗಳು ಬೀಳುತ್ತವೆ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹಳೆ ಊರು ಮುಳುಗಿ ನವನಗರ ಎದ್ದದ್ದು ನಮ್ಮ ಕಣ್ಣೆದುರಿಗೇ. 2019ರ ಆಗಸ್ಟ್ ಪ್ರವಾಹದಲ್ಲಿ ಮಣ್ಣಿನ ಗೋಡೆಯ ಮನೆಗಳು ಬಿದ್ದು ಆಮೇಲೆ ಕಟ್ಟಿಕೊಂಡವರಿಗೂ ಇದೇ ಪ್ರಶ್ನೆ ಇತ್ತು. ಪರಿಹಾರದ ದುಡ್ಡಿನಲ್ಲಿ ಕಟ್ಟಿದ ಮನೆ ಮತ್ತೆ ಸೀಳಿದರೆ ಎರಡನೇ ಸಲ ಪರಿಹಾರ ಕೊಡುವವರು ಯಾರು? ಯಾವ ಊರಿನ ಜಾಗದಲ್ಲಿ ಎರೆ ಎಷ್ಟು ಆಳ, ಗರಸು ಎಷ್ಟು ಅಡಿಗೆ ಸಿಗುತ್ತದೆ, ಎಷ್ಟು ಉಬ್ಬುತ್ತದೆ ಅನ್ನುವ ನಕ್ಷೆ ಪಾಯ ಬೀಳುವ ಮೊದಲೇ ಕೈಯಲ್ಲಿರಬೇಕು. ಒಂದು ತಾಲ್ಲೂಕು ಒಬ್ಬ ಎಂ.ಟೆಕ್ ವಿದ್ಯಾರ್ಥಿಗೆ ಹೇಳಿ ಮಾಡಿಸಿದ ಕೆಲಸ.

ಇದಕ್ಕೆ ಇಲಾಖೆಗಳೂ ಸ್ವಲ್ಪ ಕೈ ಬಿಚ್ಚಬೇಕು. ಪ್ರತಿ ಸೇತುವೆಗೆ, ಪ್ರತಿ ಸರ್ಕಾರಿ ಕಟ್ಟಡಕ್ಕೆ ಭೂಮಿ ಕೊರೆದು ಮಣ್ಣಿನ ವರದಿ ಮಾಡಿಸಿರುತ್ತಾರೆ. ಜನರ ದುಡ್ಡಿನಲ್ಲಿ ಆದ ಕೆಲಸ ಅದು. ಬಿಲ್ ಪಾಸಾದ ಮೇಲೆ ಅದು ಫೈಲಿನಲ್ಲಿ ಮಲಗುತ್ತದೆ. ಒಬ್ಬ ವಿದ್ಯಾರ್ಥಿ ಹೋಗಿ ಕೇಳಿದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಪತ್ರ ತಗೊಂಡು ಬಾ ಅನ್ನುತ್ತಾರೆ. ಪತ್ರ ಕೊಟ್ಟರೆ ಮೇಲಿನ ಕಚೇರಿಯಿಂದ ಒಪ್ಪಿಗೆ ಬರಲಿ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿದು ಹುಡುಗ ಮತ್ತೆ 20 ಅಂತಸ್ತಿನ ಕಟ್ಟಡಕ್ಕೆ ವಾಪಸ್. ನನಗೂ ಇದೇ ಅನುಭವ ಆಗಿತ್ತು. ಕೊನೆಗೆ ಬೋರ್‌ವೆಲ್ ಲಾರಿಯವರನ್ನು, ಬಾವಿ ತೋಡುವವರನ್ನು ಹಿಡಿದು ಮಾಹಿತಿ ಕಲೆಹಾಕಿದೆ, ಅವರು ಮಾತ್ರ ಚಹಾ ಕುಡಿಸಿ ಹೇಳಿದರು. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 1998ರಿಂದ ನಮ್ಮ ಬೆಳಗಾವಿಯಲ್ಲೇ ಇದೆ. ವಿಶ್ವವಿದ್ಯಾಲಯ ಮತ್ತು ಇಲಾಖೆಗಳು ಕೂತು ಹಳೆಯ ವರದಿಗಳನ್ನು ವಿದ್ಯಾರ್ಥಿಗಳಿಗೆ ತೆರೆಯುವ ಒಂದು ಒಪ್ಪಂದ ಮಾಡಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ.

ಇನ್ನೊಂದು ಸಣ್ಣ ಕೋರಿಕೆ. ಥೀಸಿಸ್ ಇಂಗ್ಲಿಷಿನಲ್ಲಿರಲಿ, ಅಭ್ಯಂತರ ಇಲ್ಲ. ಜೊತೆಗೆ ಎರಡು ಪುಟ ಕನ್ನಡದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಲಿ. ಮನೆ ಕಟ್ಟುವ ರೈತನಿಗೆ, ಗೌಂಡಿಗೆ, ಗ್ರಾಮ ಪಂಚಾಯಿತಿಯವರಿಗೆ ಅರ್ಥವಾಗುವಂತೆ. ಬೀಮಿನ ಕೆಳಗಿನ ಸಂದು ಯಾಕೆ ಬಿಡಬೇಕು ಅಂತ ಗೌಂಡಿಗೆ ಹೇಳಲು ಬಾರದವನ ಎಂ.ಟೆಕ್ ಪದವಿ ಗೋಡೆಗೆ ತೂಗುಹಾಕಲು ಚೆಂದ, ಆ ಗೋಡೆಯೂ ಬಿರುಕು ಬಿಡುತ್ತದೆ ಅಷ್ಟೇ.

ಈ ಸಲ ಸೇರುವವರಿಗೆ ಒಂದು ಮಾತು. ಮೂರನೇ ಸೆಮಿಸ್ಟರ್ ಬರಲಿ, ಆಗ ವಿಷಯ ಹುಡುಕೋಣ ಅಂತ ಕಾಯಬೇಡಿ. ಮೊದಲ ವರ್ಷದ ಬೇಸಿಗೆಯಲ್ಲೇ, ಏಪ್ರಿಲ್-ಮೇ ತಿಂಗಳಲ್ಲಿ, ನಿಮ್ಮ ಊರಿನ ಹೊಲಕ್ಕೆ ಹೋಗಿ ಬಿರುಕಿನ ಅಗಲ, ಆಳ ಅಳೆದು, ಮಣ್ಣಿನ ಸ್ಯಾಂಪಲ್ ತಂದು ಚೀಲಕ್ಕೆ ಹೆಸರು ಬರೆದು ಇಡಿ. ಬಿರುಕು ಬಿಟ್ಟ ಮನೆಗಳ ಫೋಟೊ ತಾರೀಖಿನ ಸಮೇತ ತೆಗೆಯಿರಿ. ಜೂನ್ ಮಳೆ ಬಿದ್ದ ಮೇಲೆ ಬಿರುಕು ಮುಚ್ಚಿಕೊಳ್ಳುತ್ತವೆ, ಆಮೇಲೆ ಅಳೆಯಬೇಕಾದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

– ಒಬ್ಬ ಸಿವಿಲ್ ಇಂಜಿನಿಯರ್, ನವನಗರ, ಬಾಗಲಕೋಟೆ