ನಂಬರ್ ಒಂದೇ, ಬಣ್ಣ ಮೂರು

ಮಾನ್ಯರೇ,

ಚೌತಿಗೆ ಮುಂಚೆ ಡೊಂಬಿವಲಿಯ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಗೋಡೆ, ಮರದ ಬಾಗಿಲು, ಕಿಟಕಿಯ ಗ್ರಿಲ್ ಎಲ್ಲಕ್ಕೂ ಒಂದೇ ಕೆನೆ ಬಣ್ಣ ಇರಲೆಂದು ಶೇಡ್ ಕಾರ್ಡಿನ ಒಂದೇ ನಂಬರ್ ಕೊಟ್ಟೆ. ಒಣಗಿದ ಮೇಲೆ ನೋಡಿದರೆ ಗೋಡೆ ಕೆನೆ, ಬಾಗಿಲು ಬೆಣ್ಣೆ ಹಳದಿ. ಗ್ರಿಲ್ಲಿನ ಮೂಲೆಗಳಲ್ಲಿ ತುಕ್ಕು ಹಿಡಿಯದಿರಲೆಂದು ಮೊದಲು ಬಳಿಯುವ ರೆಡ್ ಆಕ್ಸೈಡ್ ಪ್ರೈಮರ್ ಒಳಗಿನಿಂದ ಕೆಂಪಗೆ ಇಣುಕುತ್ತಿತ್ತು. ನನಗೆ ಅಳುವೇ ಬಂತು.

ಗೋಡೆಯ ಎಮಲ್ಷನ್ ನೀರಿನದು, ಹೊಳಪಿಲ್ಲದ್ದು. ಬಾಗಿಲಿನ ಎನಾಮಲ್ ಎಣ್ಣೆಯದು, ಹೊಳೆಯುವಂಥದ್ದು. ಹೊಳಪು ಬದಲಾದರೆ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ. ಅಲ್ಲದೆ, ಬೆಳಕು ಬೀಳದ ಕಡೆ ಎಣ್ಣೆ ಎನಾಮಲಿನ ತಿಳಿ ಬಣ್ಣಗಳು ದಿನ ಕಳೆದಂತೆ ಹಳದಿಗೆ ತಿರುಗುತ್ತವೆ. ನಮ್ಮ ಚಾಳಿನಂಥ (ಸಾಲುಮನೆಗಳ ವಠಾರದಂಥ) ಕಡೆಯ ಕತ್ತಲೆ ಪ್ಯಾಸೇಜಿನಲ್ಲಿ ಕೇಳಬೇಕೇ! ಅಂಗಡಿಯವರು ಇದರಲ್ಲಿ ಒಂದು ಮಾತನ್ನೂ ಹೇಳಲಿಲ್ಲ.

ಕೊನೆಗೆ ಬಾಗಿಲು, ಗ್ರಿಲ್ ಎರಡನ್ನೂ ಉಜ್ಜಿಸಿ, ಬಿಳಿ ಪ್ರೈಮರ್ ಕೊಡಿಸಿ, ಮಂದ ಹೊಳಪಿನ, ನೀರಿನ ಸ್ಯಾಟಿನ್ ಎನಾಮಲನ್ನು ಎರಡು ಕೋಟ್ ಹೊಡೆಸಿದೆ. ಈ ಸಲ ಮೊದಲು ಮೂರೂ ಕಡೆ ಅಂಗೈಯಗಲ ಬಳಿಸಿ, ಹಗಲಲ್ಲೂ ರಾತ್ರಿ ಟ್ಯೂಬ್‌ಲೈಟಿನಲ್ಲೂ ನೋಡಿದೆ. ಡಬ್ಬಿಯಿಂದ ಡಬ್ಬಿಗೂ ಛಾಯೆ ಸ್ವಲ್ಪ ಬದಲಾಗುವುದುಂಟು. ಹಾಗಾಗಿ ಗೋಡೆಯ ಬಣ್ಣದ ಡಬ್ಬಿಗಳನ್ನೆಲ್ಲ ಒಂದೇ ಬಕೆಟಿಗೆ ಸುರಿದು ಕಲಸಿಕೊಳ್ಳಲು ಪೇಂಟರಿಗೆ ಹೇಳಬೇಕು.

ಬಣ್ಣದ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ಗಿರಾಕಿ ಒಂದೇ ನಂಬರನ್ನು ಗೋಡೆಗೂ ಬಾಗಿಲಿಗೂ ಕೇಳಿದಾಗ ದುಡ್ಡು ತೆಗೆದುಕೊಳ್ಳುವ ಮೊದಲೇ ಈ ವ್ಯತ್ಯಾಸ ತಿಳಿಸಿ.

– ಒಬ್ಬ ಗೃಹಿಣಿ, ಡೊಂಬಿವಲಿ ಪೂರ್ವ