ಅತ್ತಿಬೆಲೆಯ ಆಚೆ: ಮಗಳಿಗೊಂದು ಪತ್ರ

ಬೆಂಗಳೂರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ನೆದರ್ಲೆಂಡ್ಸ್‌ನ ಹೇಗ್ ನಗರವನ್ನು ತಲುಪಿ ನಾಲ್ಕು ದಿನಗಳಾದವು. ಕ್ಷೇಮವಾಗಿ ಸೇರಿದ ಸುದ್ದಿಯನ್ನು ಅಮ್ಮನಿಗೆ ಹೇಳಿ ಫೋನ್ ಇಟ್ಟೆ, ನನ್ನನ್ನು ಕೇಳಲಿಲ್ಲ. ಅದರಲ್ಲಿ ನಿನ್ನ ತಪ್ಪಿಲ್ಲ. ನೀನು ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಕುಳಿತಿದ್ದಾಗ, ಇಡೀ ಜಗತ್ತಿಗೆ ಒಂದೇ ಸರ್ಕಾರವಿರಬೇಕೆಂಬ ನಿನ್ನ ಮಾತನ್ನು ನಾನು ನಿನ್ನ ಸೋದರತ್ತೆಯ ಎದುರಿನಲ್ಲೇ ಮಕ್ಕಳಾಟಿಕೆ ಎಂದುಬಿಟ್ಟೆ. ವರ್ಷಗಟ್ಟಲೆ ಓದಿ, ಯೋಚಿಸಿ ನೀನು ತಲುಪಿದ ವಿಚಾರವನ್ನು ಒಂದು ಪದದಲ್ಲಿ ತಳ್ಳಿಹಾಕಿದ್ದು ತಪ್ಪು. ಆ ಪದಕ್ಕೆ ಕ್ಷಮೆಯಿರಲಿ. "ನಿಮಗೆ ಭಯ ಅಪ್ಪ, ಅಷ್ಟೇ" ಎಂದು ಹೇಳಿ ನೀನು ಕೈತೊಳೆಯಲು ಎದ್ದೆಯಲ್ಲ, ಆ ಭಯ ಎಲ್ಲಿಂದ ಬಂತೆಂದು ತಿಳಿಸುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನೀನು ಕೊಟ್ಟ ಕಾರಣಗಳನ್ನು ನಾನು ಮರೆತಿಲ್ಲ. 1942ರ ಆಗಸ್ಟ್ 8ರ ಕ್ವಿಟ್ ಇಂಡಿಯಾ ಠರಾವಿನಲ್ಲೇ ಸ್ವತಂತ್ರ ರಾಷ್ಟ್ರಗಳ ವಿಶ್ವ ಒಕ್ಕೂಟದ ಆಶಯವಿದೆ ಎಂದು ನೀನು ಹೇಳಿದಾಗ ನಾನು ನಂಬಿರಲಿಲ್ಲ. ಮರುದಿನ ಹುಡುಕಿ ಓದಿದೆ, ಇದೆ. ಯುದ್ಧ ಹೂಡಿದ ದೇಶವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೋ ಚಲಾಯಿಸಿ ತನ್ನ ವಿರುದ್ಧದ ನಿರ್ಣಯವನ್ನು ತಡೆಯಬಹುದೆಂದರೆ ಅದೆಂಥ ನ್ಯಾಯ ಎಂಬ ನಿನ್ನ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ. ನನ್ನನ್ನು ಕಲಕಿದ್ದು ನೀನು ಕೊನೆಯಲ್ಲಿ ಆಡಿದ ಮಾತು: ಒಂದೇ ಸರ್ಕಾರದ ಕೆಳಗೆ ಇರುವವರು ಒಬ್ಬರನ್ನೊಬ್ಬರು ಸುಡುವುದಿಲ್ಲ ಎಂದೆ.

2016ರ ಸೆಪ್ಟೆಂಬರ್‌ನ ಕಾವೇರಿ ಗಲಭೆಯನ್ನು ನೀನೇ ಕಂಡಿದ್ದೀಯೆ. ಅದರ ಮಾತು ಬೇಡ. 1991ರ ಡಿಸೆಂಬರ್‌ನ ಸಂಗತಿಯನ್ನು ನಾವು ನಿನಗೆ ಪೂರ್ತಿಯಾಗಿ ಹೇಳಿಲ್ಲ. ಆಗ ನಾನೂ ನಿನ್ನ ಅಮ್ಮನೂ ಶ್ರೀರಾಮಪುರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಗೋಡೆಯಾಚೆಯ ಮನೆಯಲ್ಲಿ ಧರ್ಮಪುರಿಯ ಕಡೆಯಿಂದ ಬಂದು ನೆಲೆಸಿದ್ದ ಟೈಲರ್ ಮಾಮ, ಅವರ ಹೆಂಡತಿ, ನಾಲ್ಕು ವರ್ಷದ ಹುಡುಗಿ ಇದ್ದರು. ಕಾವೇರಿ ನ್ಯಾಯಮಂಡಳಿಯು ಜೂನ್‌ನಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತ್ತು. ಅದನ್ನು ತಡೆಯಲು ನಮ್ಮ ರಾಜ್ಯ ಹೊರಡಿಸಿದ ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅಭಿಪ್ರಾಯ ನೀಡಿತ್ತು. ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಬೆನ್ನಲ್ಲೇ, ಡಿಸೆಂಬರ್ 12ರಂದು, ಊರು ಹೊತ್ತಿಕೊಂಡಿತು.

ಆ ರಾತ್ರಿ ನಮ್ಮ ಶೀಟಿನ ಮೇಲೆ ಕಲ್ಲುಗಳು ಬಿದ್ದವು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕೈಯಿಂದಲ್ಲ, ಬೆರಳ ಗೆಣ್ಣಿನಿಂದ, ಮೆಲ್ಲಗೆ. ಬಳೆಯ ಸದ್ದು ಕೇಳಿಸಿತು, ಯಾರೆಂದು ನನಗೆ ಗೊತ್ತಾಯಿತು. ನಾನು ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತೆ, ತೆಗೆಯಲಿಲ್ಲ. ಮತ್ತೆ ಬಡಿದರು. ಚಿಲಕ ತಣ್ಣಗಿತ್ತು, ಅದರ ಒಂದು ಮೊಳೆ ಸಡಿಲವಾಗಿತ್ತು. ಬಾಗಿಲ ಆಚೆ ಮಗು ಕೆಮ್ಮಿದರೆ ಆ ಮೊಳೆ ನನ್ನ ಅಂಗೈಯಡಿ ಅದುರುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ನಿನ್ನ ಅಮ್ಮ ಬಂದು ನನ್ನ ಕೈಯನ್ನು ಸರಿಸಿ ಬಾಗಿಲು ತೆಗೆದಳು. ಈ ಒಂದು ವಿಷಯವನ್ನು ಅವಳು ಇಂದಿನವರೆಗೆ ಯಾರ ಮುಂದೆಯೂ ಎತ್ತಿಲ್ಲ.

ಬೆಳಗಿನ ಜಾವ ಪರಿಚಯದವರ ವ್ಯಾನಿಗೆ ಹಳದಿ ಕೆಂಪು ಬಟ್ಟೆ ಕಟ್ಟಿ ಅವರನ್ನು ತಮಿಳುನಾಡು ಗಡಿಯ ಅತ್ತಿಬೆಲೆಯವರೆಗೆ ಬಿಟ್ಟುಬಂದೆವು. ಚೆಕ್‌ಪೋಸ್ಟ್‌ನಿಂದ ಸ್ವಲ್ಪ ಈಚೆಗೆ ಇಳಿದು ಅವರು ಹೊಸೂರಿನ ಕಡೆಗೆ ನಡೆದರು. ಮಾಮನ ತಲೆಯ ಮೇಲೆ ಬಟ್ಟೆಯ ಗಂಟು, ಕಂಕುಳಲ್ಲಿ ಮಗು. ಈಚೆಗೂ ಆಚೆಗೂ ಅದೇ ಸಂವಿಧಾನ, ಅದೇ ರೂಪಾಯಿ, ಅದೇ ಸುಪ್ರೀಂ ಕೋರ್ಟ್. ಆದರೆ ಆಚೆಗೆ ಬೇರೆ ಪೊಲೀಸರು, ಬೇರೆ ಮುಖ್ಯಮಂತ್ರಿ, ಬೇರೆ ಭಾಷೆ. ಅಂದು ಅವರ ಪ್ರಾಣ ಉಳಿದದ್ದು ಆ 'ಬೇರೆ'ಯಿಂದಲೇ. ಅವರು ಗಡಿ ದಾಟಿದ ಮೇಲೆ ಒಮ್ಮೆ ನಿಂತು ಗಂಟನ್ನು ಕೆಳಗಿಟ್ಟು ಮಗುವಿನ ಮೂಗು ಒರೆಸಿದರು. ಅಲ್ಲಿಯವರೆಗೆ ಆ ಅವಸರದ ನಡಿಗೆ ಎಲ್ಲೂ ನಿಂತಿರಲಿಲ್ಲ.

ಜಗತ್ತಿಗೆಲ್ಲ ಒಂದೇ ಸರ್ಕಾರವಾದರೆ ಈ ಅತ್ತಿಬೆಲೆ ಎಲ್ಲಿರುತ್ತದೆ? 1951ರ ನಿರಾಶ್ರಿತರ ಒಡಂಬಡಿಕೆ ರಕ್ಷಣೆ ಕೊಡುವುದೇ ತನ್ನ ದೇಶದ ಹೊರಗಿರುವವನಿಗೆ ಎಂದು ನೀನೇ ನನಗೆ ತಿಳಿಸಿದ್ದೆ. ಆ ಏಕೈಕ ಸರ್ಕಾರವೇ ಒಂದು ದಿನ ಕೆಟ್ಟವರ ಕೈಗೆ ಸಿಕ್ಕಿದರೆ, ಮಗುವನ್ನು ಎತ್ತಿಕೊಂಡು ನಡೆದುಹೋಗಲು ಹೊರಗು ಎಂಬುದೇ ಉಳಿದಿರುವುದಿಲ್ಲ. ಅಂದು ಊಟದ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದದ್ದು ಇದು. ಬಾಯಿಗೆ ಬಂದದ್ದು ಬೇರೆ.

ನಿನ್ನ ವಾದದಲ್ಲಿಯೂ ಸತ್ಯವಿದೆಯೆಂದು ಈ ನಾಲ್ಕು ದಿನಗಳಲ್ಲಿ ಒಪ್ಪಿಕೊಂಡಿದ್ದೇನೆ. ಕಾವೇರಿಗಾಗಿ ಎರಡು ಸೈನ್ಯಗಳು ಎದುರುಬದುರು ನಿಲ್ಲಲಿಲ್ಲ, ಮೇಲೊಂದು ನ್ಯಾಯಾಲಯವಿತ್ತು. 2018ರ ಫೆಬ್ರವರಿ 16ರ ತೀರ್ಪು ನಮಗೆ 284.75, ತಮಿಳುನಾಡಿಗೆ 404.25 ಟಿಎಂಸಿ ಎಂದಿತು. ನಮಗೆ ಹೆಚ್ಚಿಗೆ ಸಿಕ್ಕಿದ್ದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಬಂತು. ನೀನೀಗ ದಿನವೂ ನೋಡಬಹುದಾದ ಶಾಂತಿ ಅರಮನೆಯಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 1952ರಲ್ಲಿ ನ್ಯಾಯಾಧೀಶರಾದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್. ಸಿಂಧೂ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳು ಜಗಳವಾಡಿದಾಗ, 1941ರಲ್ಲಿ ನೇಮಕವಾದ ಆಯೋಗಕ್ಕೆ ಅವರೇ ಅಧ್ಯಕ್ಷರು. ಆಗ ಅದು ಒಂದೇ ಸರ್ಕಾರದೊಳಗಿನ ವ್ಯಾಜ್ಯ. ದೇಶ ಎರಡಾದ ಮೇಲೆ, 1948ರ ಏಪ್ರಿಲ್‌ನಲ್ಲಿ, ಪೂರ್ವ ಪಂಜಾಬ್ ಕಾಲುವೆಗಳ ನೀರನ್ನೇ ನಿಲ್ಲಿಸಿತು. ಸಿಂಧೂ ಜಲ ಒಪ್ಪಂದಕ್ಕೆ 1960ರವರೆಗೆ ಕಾಯಬೇಕಾಯಿತು. ಮೇಲಿನ ಛಾವಣಿ ಹೋದರೆ ಏನಾಗುತ್ತದೆಂಬುದಕ್ಕೆ ಇದು ನಿನ್ನ ಕಡೆಯ ಸಾಕ್ಷಿ. ನಿನ್ನ ಪ್ರಬಂಧದಲ್ಲಿ ಬಳಸಿಕೋ.

ಉಪದೇಶ ಮಾಡಬಾರದೆಂದುಕೊಂಡೇ ಕುಳಿತೆ, ಆದರೂ ಕೆಲವು ಮಾತುಗಳನ್ನು ಹೇಳದೆ ಇರಲಾರೆ. ಯಾರಾದರೂ ವಿಶ್ವ ಸಂಸತ್ತಿನ ನಕ್ಷೆಯನ್ನು ನಿನ್ನ ಮುಂದೆ ಹರಡಿದರೆ, ಮೊದಲು ಸ್ಥಾನಗಳ ಲೆಕ್ಕ ಕೇಳು. ಇಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 140 ಕೋಟಿ ಜನರಿರುವ ಭಾರತಕ್ಕೂ ಸುಮಾರು 12 ಸಾವಿರ ಜನರಿರುವ ನೌರುವಿಗೂ ಒಂದೊಂದೇ ಮತ. ಜನಸಂಖ್ಯೆಯನ್ನೇ ಅಳತೆಗೋಲಾಗಿಸಿದರೆ ನೌರುವಿನ ದನಿ ಎಲ್ಲಿ ಕೇಳಿಸೀತು? ಲೋಕಸಭೆಯ 543ರಲ್ಲಿ 28 ಸ್ಥಾನಗಳಿರುವ ರಾಜ್ಯದಲ್ಲಿ ಹುಟ್ಟಿದವಳಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದಾಗಿ ಭಾಷೆಯನ್ನು ಕೇಳು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು, ಕೋಟಿಗಟ್ಟಲೆ ಜನ ಆಡುವ ಕನ್ನಡ ಅದರಲ್ಲಿಲ್ಲ. ನಿನ್ನ ಅಜ್ಜಿ ತನ್ನ ಅಹವಾಲನ್ನು ಆ ಸರ್ಕಾರಕ್ಕೆ ಯಾವ ಭಾಷೆಯಲ್ಲಿ ಬರೆಯಬೇಕು? ಈ ಪ್ರಶ್ನೆಗಳನ್ನು ಸಣ್ಣವೆಂದು ಯಾವ ಪ್ರೊಫೆಸರ್ ಹೇಳಿದರೂ ನೀನು ಬಿಟ್ಟುಕೊಡಬೇಡ. ಚಳಿಗೆ ಕಾಲುಚೀಲ ಹಾಕಿಕೊಂಡೇ ಮಲಗು. ರಾತ್ರಿ ಒಬ್ಬಳೇ ಸೈಕಲ್ ತುಳಿಯಬೇಡ.

ನಮ್ಮ ಮನೆಯಿಂದ ಆ ನ್ಯಾಯಾಲಯದ ಬಾಗಿಲವರೆಗೆ ಓದಿನ ಬಲದಿಂದ ಹೋದವಳು ನೀನೊಬ್ಬಳೇ. ಇದನ್ನು ನಿನ್ನೆದುರಿಗೆ ಹೇಳಲು ನನಗೆ ಬರುವುದಿಲ್ಲ, ಬರೆಯಬಲ್ಲೆ.

ಟೈಲರ್ ಮಾಮ ಹೊರಡುವಾಗ ಮನೆಯ ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟಿದ್ದರು. ಫೆಬ್ರವರಿಯಲ್ಲಿ ಅವರ ತಮ್ಮ ಬಂದು ಹೊಲಿಗೆ ಮಿಷನ್ ಒಯ್ದರು, ಮಾಮ ಮರಳಲಿಲ್ಲ. ಮೊದಲು ಬಾಗಿಲು ತೆಗೆಯದೆ ನಿಂತವನು ನಾನೆಂದು ಮಾಮನಿಗೆ ಗೊತ್ತಿತ್ತೋ ಇಲ್ಲವೋ, ತಮ್ಮನನ್ನು ಕೇಳುವ ಧೈರ್ಯ ಬರಲಿಲ್ಲ.

ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ. ಅತ್ತಿಬೆಲೆಯ ಪ್ರಶ್ನೆಗೆ ನಿನ್ನ ಉತ್ತರವೇನೆಂದು ಕೇಳಬೇಕು. ಅಮ್ಮನ ಫೋನಿಗಲ್ಲ, ನನ್ನ ಫೋನಿಗೆ ಮಾಡು.

ಇಂತಿ,
ನಿನ್ನ ಅಪ್ಪ