ಮಗಳಿಗೊಂದು ಪತ್ರ: ನೀರ ಖತಂ ಆಗ್ಯಾವ

ಕಲಬುರಗಿ, ರವಿವಾರ ರಾತ್ರಿ

ಯವ್ವಾ,

ಅವ್ವನ ಮಣಕಾಲು ನೋವು ಜಾಸ್ತಿಯಾಗಿದೆ ಅಂತ ಹೇಳಿ ಒಂದು ದಿನ ಮೊದಲೇ ಬೆಂಗಳೂರಿನಿಂದ ಹೊರಟು ಬಂದೆನಲ್ಲ, ಅದು ಸುಳ್ಳು. ಮಣಕಾಲು ಹೆಂಗಿತ್ತೋ ಹಂಗೇ ಇದೆ. ನನಗೇ ಅಲ್ಲಿ ಇರಲು ಮನಸ್ಸಾಗಲಿಲ್ಲ.

ಊಟದ ಹೊತ್ತಿನ ಮಾತು ನಿನಗೂ ನೆನಪಿದೆ, ಮತ್ತೆ ಬಿಡಿಸಿ ಹೇಳುವುದಿಲ್ಲ. ನಾನು ದವಾಖಾನಿ ಅಂದೆ, ನಿನ್ನ ಗೆಳತಿಯರು ನಕ್ಕರು. ಅವರ ಮೇಲೆ ಸಿಟ್ಟಿಲ್ಲ, ಚಿಕ್ಕ ಹುಡುಗಿಯರು. ನೀನು ಮೆಲ್ಲಗೆ "ಅಪ್ಪಾ, ಆಸ್ಪತ್ರೆ ಅನ್ನಿ" ಅಂದೆಯಲ್ಲ, ಆ "ಅನ್ನಿ" ನನ್ನನ್ನು ಚುಚ್ಚಿತು. ಹುಟ್ಟಿದಾಗಿನಿಂದ ನನಗೆ "ನೀ" ಅಂದವಳು ನೀನು. ಗೌರವ ಕೊಟ್ಟು ಕುರ್ಚಿಯನ್ನು ನಾಲ್ಕು ಮೊಳ ದೂರ ಹಾಕಿದ ಹಾಗಾಯಿತು.

ಬರುವಾಗ ರೈಲಿನಲ್ಲಿ ನಿದ್ದೆ ಬರಲಿಲ್ಲ. ರಾಯಚೂರಿನಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು. ಮಗನ ಜೊತೆ ತೆಲುಗು, ಚಾ ಮಾರುವವನ ಜೊತೆ ಉರ್ದು, ನನಗೆ "ಸ್ವಲ್ಪ ಸರಕೊಳ್ರಿ ಕಾಕಾ". ಯಾದಗಿರಿ, ವಾಡಿ, ಶಹಾಬಾದ ಎಲ್ಲ ದಾಟಿದರೂ ಡಬ್ಬಿಯಲ್ಲಿ ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ನಾನೊಬ್ಬನೇ ನೋಡುತ್ತಿದ್ದೆ. ಆಗಲೇ ಆ ಸ್ಟೀಲ್ ಚರಗಿ ನೆನಪಾಯಿತು.

ನಿನಗಾಗ 7 ವರ್ಷ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ನಮ್ಮ ಸಾಹೇಬರು ಮೊದಲ ಸಲ ಮನೆಗೆ ಬಂದಿದ್ದರು. ನೀರು ತಾ ಅಂದೆ. ನೀನು ಖಾಲಿ ಚರಗಿ ಹಿಡಿದು ಬಂದು, "ಅಪ್ಪಾ, ನೀರ ಖತಂ ಆಗ್ಯಾವ" ಅಂದೆ. ಸಾಹೇಬರು ನಕ್ಕರು, ಪ್ರೀತಿಯಿಂದಲೇ ಇರಬೇಕು. ನನಗೆ ಮಾತ್ರ ಮೈಯೆಲ್ಲ ಬಿಸಿಯಾಯಿತು. "ಖತಂ ಅಲ್ಲ, ನೀರು ಖಾಲಿಯಾಗಿದೆ ಅನ್ನು, 10 ಸಲ ಅನ್ನು" ಅಂದೆ. ನೀನು ನಿಂತಲ್ಲೇ ಶುರು ಮಾಡಿದೆ. ನಾಲ್ಕನೇ ಸಲಕ್ಕೆ ದನಿ ಒಡೆಯಿತು. "ಬಿಡ್ರಿ, ಮಗು" ಅಂದರು ಅವರು. ನಾನು ಬಿಡಲಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದೆ, ಯವ್ವಾ. 10 ಆಗುವವರೆಗೂ ಎಣಿಸಿದೆ. ನೀನು ಚರಗಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದೆ. ಅದರ ಅಂಚಿನಲ್ಲಿ ಅಜ್ಜಿಯ ಹೆಸರು ಕೆತ್ತಿಸಿತ್ತು.

ಕೊನೆಗೆ ನೀರು ಯಾರೂ ತರಲಿಲ್ಲ. ಅವರು ಕುಡಿಯದೇ ಎದ್ದು ಹೋದರು.

ಹಾಗೇಕೆ ಮಾಡಿದೆ? ಕೆಲಸಕ್ಕೆ ಸೇರಿದ ಹೊಸತರಲ್ಲಿ ಟ್ರೇನಿಂಗ್‌ಗೆ ಆ ಕಡೆ ಹೋದಾಗ ನನ್ನ ಮಾತಿಗೂ ನಕ್ಕಿದ್ದರು. ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನನಗಾದದ್ದು ನಿನಗಾಗಬಾರದು ಅಂದುಕೊಂಡೆ. ಆಗಬಾರದು ಅಂತ ನಾನೇ ಮಾಡಿದೆ, ಅದೂ ಮನೆಯೊಳಗೆ.

ಮೊನ್ನೆ ಹೊಲದ ಹಳೇ ಕಾಗದ ಹಿಡಿದು ಪಕ್ಕದ ಓಣಿಯ ಉರ್ದು ಮೇಷ್ಟ್ರ ಮನೆಗೆ ಹೋಗಿದ್ದೆ. ನಿನ್ನ ಮುತ್ತಜ್ಜನ ಕಾಲದ್ದು, ಪೂರ್ತಿ ಉರ್ದು. ನಿಜಾಮರ ಕಾಲದಲ್ಲಿ ಸಾಲೆಯೂ ಕಚೇರಿಯೂ ಹೆಚ್ಚಾಗಿ ಉರ್ದುವಿನಲ್ಲೇ ಇದ್ದವಲ್ಲ. 1948ರ ಸೆಪ್ಟೆಂಬರ್ 17ಕ್ಕೆ ಆ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. ನಿನ್ನ ಅಜ್ಜ ಉರ್ದು ಓದಿದವನು, ಕನ್ನಡದಲ್ಲಿ ಸಹಿ ಮಾಡಲು ಕಲಿತದ್ದು ಮದುವೆಯಾದ ಮೇಲೆ. ಶರಣಬಸಪ್ಪನ ತೇರಿಗೆ ಉತ್ತತ್ತಿ ಎಸೆದು ಕೈ ಮುಗಿಯುತ್ತಿದ್ದ, ಬಂದೇ ನವಾಜರ ಉರುಸಿಗೂ ತಪ್ಪದೇ ಹೋಗುತ್ತಿದ್ದ, ಕಿರಾಣಿ ಲೆಕ್ಕ ಉರ್ದುವಿನಲ್ಲಿ ಬರೆಯುತ್ತಿದ್ದ. ಅವನ ಕಾಗದ ಓದಲು ನನಗೆ ಇನ್ನೊಬ್ಬರು ಬೇಕು.

ಮೇಷ್ಟ್ರು ಓದಿ ಹೇಳಿದ ಮೇಲೆ ಸುಮ್ನೆ ಕೇಳಿದೆ, ಖತಂ ಯಾವ ಭಾಷೆ ಅಂತ. ಅರಬ್ಬಿ ಅಂದರು. ಖಾಲಿ? ಅದೂ ಅರಬ್ಬಿ ಅಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಅರಬ್ಬಿ ಮಾತು ಬಿಡಿಸಿ ಇನ್ನೊಂದು ಅರಬ್ಬಿ ಮಾತು ಕಲಿಸಲು ಮಗುವನ್ನು 10 ಸಲ ಅಳಿಸಿದ್ದೆ. ನಿನ್ನ ಗೆಳತಿಯರಿಗೂ ಹೇಳು: ಅರ್ಜಿ, ವಕೀಲ, ತಾಲೂಕು, ಕುರ್ಚಿ ಎಲ್ಲ ಅಲ್ಲಿಂದಲೇ ಬಂದವು. ಅವರ ಆಸ್ಪತ್ರೆಯಾದರೂ ಇಲ್ಲಿ ಹುಟ್ಟಿದ್ದೇನಲ್ಲ, ಹಡಗು ಹತ್ತಿ ಬಂದದ್ದು. ಬೆಂಗಳೂರಿನಲ್ಲಿ ಇರುವವಳು ನಾಲ್ಕು ಥರದ ಮಾತು ಕಲಿಯಬೇಕು, ಬೇಡ ಅನ್ನುವುದಿಲ್ಲ. ಆಫೀಸಿನಲ್ಲಿ ಹೇಗೆ ಬೇಕೋ ಹಾಗೆ ಮಾತಾಡು. ಆದರೆ ಯಾರ ಮಾತಿಗೂ ನಗುವ ಮುಂಚೆ... ನೋಡು, ಭಾಷಣ ಶುರುವಾಯಿತು. ಅವ್ವ ಅಡುಗೆಮನೆಯಿಂದಲೇ "ಸಾಕ್ ಮಾಡ್ರಿ" ಅನ್ನುತ್ತಿದ್ದಾಳೆ. ಅಷ್ಟಕ್ಕೂ ಈ ಪತ್ರವನ್ನೇ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪೆನ್ನು ಹಿಡಿದರೆ ಕೈ ಹಾಗೇ ತಿರುಗುತ್ತದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಅಂದು ರಾತ್ರಿ ನಿಮ್ಮ ಜೊತೆ ಊಟಕ್ಕಿದ್ದ ಆ ಅಸ್ಸಾಮಿನ ಹುಡುಗಿ ನನ್ನ ಮಾತಿಗೆ ನಗಲಿಲ್ಲ. ಕನ್ನಡ ತಿಳಿಯದ್ದಕ್ಕೇ ಇರಬಹುದು. ನನ್ನ ತಟ್ಟೆ ನೋಡಿ ಎರಡನೇ ಸಲ ಅನ್ನ ಬಡಿಸಿದವಳು ಅವಳೇ. ಅವಳು ಒಳಗೆ ಹೋದಾಗ ಅವಳ ಹಿಂದಿಯನ್ನು ನೀವೆಲ್ಲ ಅಣಕಿಸಿದಿರಿ, ನೀನೂ ಸೇರಿ. ನೀನು ಚೆನ್ನಾಗಿ ಅಣಕಿಸುತ್ತೀಯ. ಆ ಚುರುಕು ಕಿವಿ ನಿನಗೆ ಎಲ್ಲಿಂದ ಬಂತು ಅಂತ ರೈಲಿನಲ್ಲಿ ಯೋಚಿಸಿದೆ.

ನಿನ್ನ ಸಂಬಳದಲ್ಲಿ ಕೊಡಿಸಿದ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದೇನೆ. ಸೂಪರ್ ಮಾರ್ಕೆಟ್‌ನಲ್ಲಿ ಇಬ್ಬರು ಕೇಳಿದರು, ಮಗಳು ಕೊಡಿಸಿದ್ದು ಅಂದೆ. ಕೇಳದವರಿಗೂ ಹೇಳಿದೆ. ರಾತ್ರಿ ತಡವಾದರೆ ಒಬ್ಬಳೇ ಆಟೋ ಹತ್ತಬೇಡ.

ಎಳ್ಳಮಾಸಿ ಹಬ್ಬಕ್ಕೆ ರಜೆ ಹಾಕು. ಆ ಹುಡುಗಿಯನ್ನೂ ಹೊಲಕ್ಕೆ ಕರೆದುಕೊಂಡು ಬಾ. ಸಜ್ಜಿ ರೊಟ್ಟಿ, ಭಜ್ಜಿ ಅವ್ವ ಮಾಡುತ್ತಾಳೆ. ನಮ್ಮ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು-ತರಕಾರಿಯ ಪಲ್ಯ ಅಂತ ಮೊದಲೇ ಹೇಳಿಬಿಡು, ಪಾಪ, ಕಾಯುತ್ತಾ ಕೂರುತ್ತಾಳೆ.

ಮಂಗಳವಾರ ಅವ್ವನನ್ನು ನಿಜವಾಗಿಯೂ ದವಾಖಾನಿಗೆ ಕರೆದುಕೊಂಡು ಹೋಗುತ್ತೇನೆ. ಸಂಜೆ ಫೋನ್ ಮಾಡು. ನನಗೆ "ನೀ" ಅನ್ನು.

ನಿನ್ನ ಅಪ್ಪ